ಮಳೆ ಲೆಕ್ಕದ ತಾಣದಲ್ಲಿ ದಾರಿ ತಪ್ಪಿದ ಇನ್‌ಕ್ಲೂಡ್‌ಗಳು: ಒಂದು ದುರಸ್ತಿಯ ದಾಖಲೆ

ಮೂಡಿಗೆರೆ ಸೀಮೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಈಗಲೂ ಇಂಚು ಮತ್ತು ಸೆಂಟುಗಳಲ್ಲಿ ಹೇಳುವ ರೂಢಿಯಿದೆ; ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು ನೋಡಿ, ರಿಜಿಸ್ಟರಿನಲ್ಲಿ ಬರೆದಿಟ್ಟ ಮೇಲೆಯೇ ನಮ್ಮ ಚಿಕ್ಕಪ್ಪನವರ ದಿನ ಮೊದಲಾಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆ ಎಷ್ಟು ಬಿತ್ತು, ಅದರ ಬೆನ್ನಿಗೆ ಬರಬೇಕಾದ ಮಳೆ ಎಷ್ಟು ದಿನಕ್ಕೆ ಬಂತು ಎಂಬುದರ ಮೇಲೆ ಆ ವರ್ಷದ ಬೆಳೆಯ ಅಂದಾಜು ನಿಂತಿರುವುದರಿಂದ, ಅಕ್ಕಪಕ್ಕದ ಆರು ತೋಟಗಳವರು ತಮ್ಮ ಲೆಕ್ಕವನ್ನು ಒಂದೇ ಕಡೆ ನೋಡುವಂತಾಗಲಿ ಎಂದು ಹಲವು ವರ್ಷಗಳ ಹಿಂದೆ ನಾನು, ವೆಬ್ ಸರ್ವರಿನಲ್ಲಿ ನಡೆಯುವ ಪ್ರೋಗ್ರಾಮಿಂಗ್ ಭಾಷೆಯಾದ ಪಿಎಚ್‌ಪಿಯಲ್ಲಿ ಒಂದು ಸಣ್ಣ ತಾಣವನ್ನು ಬರೆದುಕೊಟ್ಟಿದ್ದೆ. ಅದು ಚಿಕ್ಕಪ್ಪನವರ ತೋಟದ ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ, ಅಪಾಚೆ ಎಂಬ ವೆಬ್ ಸರ್ವರ್ ಮತ್ತು ಪಿಎಚ್‌ಪಿಯನ್ನು ಒಟ್ಟಿಗೆ ಕೂರಿಸಿಕೊಡುವ ಜಾಂಪ್ ತಂತ್ರಾಂಶದ ಮೇಲೆ ನಡೆಯುತ್ತಿತ್ತು. ಆ ಕಂಪ್ಯೂಟರಿಗೆ ವಯಸ್ಸಾದ ಕಾರಣ, ಜೊತೆಗೆ ಆರೂ ತೋಟಗಳವರು ತಮ್ಮ ತಮ್ಮ ಫೋನಿನಿಂದಲೇ ಲೆಕ್ಕ ತುಂಬುವಂತಾಗಲಿ ಎಂಬ ಆಸೆಯಿಂದ, ಈ ಮಳೆಗಾಲದ ಆರಂಭದಲ್ಲಿ ತಾಣವನ್ನು ಬಾಡಿಗೆಯ ಲಿನಕ್ಸ್ ಸರ್ವರಿಗೆ ಸಾಗಿಸಿದೆವು. ಅಲ್ಲಿ ಎದುರಾದ ತೊಂದರೆಗಳೆಲ್ಲ ಒಂದೇ ಬೇರಿನಿಂದ ಹುಟ್ಟಿದವು. ಒಂದು ಫೈಲಿನೊಳಗೆ ಇನ್ನೊಂದು ಫೈಲನ್ನು ಕರೆಯುವಾಗ ನಾವು ಬರೆಯುವ ಹಾದಿಯನ್ನು ಪಿಎಚ್‌ಪಿ ಎಲ್ಲಿಂದ ಅಳೆಯುತ್ತದೆ ಎಂಬುದನ್ನು ನಾನು ಸರಿಯಾಗಿ ತಿಳಿದಿರಲಿಲ್ಲ.

ತಾಣದ ರಚನೆಯನ್ನು ಮೊದಲು ಹೇಳಿಬಿಡುತ್ತೇನೆ. ಓದಲು ಅನುಕೂಲವಾಗಲೆಂದು ಫೋಲ್ಡರುಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡಿಸ್ಕಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲಿವೆ. ತಾಣದ ಬುಡದಲ್ಲಿ ಮುಖಪುಟದ ಫೈಲು ಇದೆ. ‘ತೋಟ’ ಎಂಬ ಫೋಲ್ಡರಿನಲ್ಲಿ ಪ್ರತಿ ತೋಟದ ತಿಂಗಳ ಮತ್ತು ವರ್ಷದ ಪಟ್ಟಿಯನ್ನು ತೋರಿಸುವ ಪುಟಗಳಿವೆ. ‘ನಿರ್ವಹಣೆ’ ಎಂಬ ಫೋಲ್ಡರಿನಲ್ಲಿ ದಿನದ ಮಳೆಯನ್ನು ನಮೂದಿಸುವ ಪುಟವಿದೆ. ‘ಭಾಗಗಳು’ ಎಂಬ ಫೋಲ್ಡರಿನಲ್ಲಿ ಎಲ್ಲ ಪುಟಗಳಿಗೂ ಬೇಕಾಗುವ ತುಣುಕುಗಳು ಇವೆ: ತಲೆಬರಹ, ಮೆನು, ಅಡಿಬರಹ, ದತ್ತಸಂಚಯದ ಸಂಪರ್ಕ, ಇಂಚನ್ನು ಮಿಲಿಮೀಟರಿಗೆ ಬದಲಿಸುವ ‘ಅಳತೆ’ ಫೈಲು ಮತ್ತು ಸೆಟ್ಟಿಂಗುಗಳ ‘ಕಾನ್ಫಿಗ್’ ಫೈಲು.

ಶನಿವಾರ

ಫೈಲುಗಳನ್ನೆಲ್ಲ ಹೊಸ ಸರ್ವರಿಗೆ ಏರಿಸಿ, ವಿಳಾಸವನ್ನು ಚಿಕ್ಕಪ್ಪನವರಿಗೆ ಕಳುಹಿಸಿದ ಅರ್ಧ ಗಂಟೆಯಲ್ಲಿ ಅವರ ಫೋನು ಬಂತು. “ಮುಖಪುಟವೇನೋ ಬರುತ್ತೆ ಮಾರಾಯ, ತೋಟದ ಹೆಸರು ಒತ್ತಿದರೆ ಬರೀ ಬಿಳಿ” ಎಂದರು. ನಾನೂ ತೆರೆದು ನೋಡಿದೆ. ತೋಟದ ಪುಟಗಳು ಪೂರ್ತಿ ಖಾಲಿಯಾಗಿದ್ದವು; ಮುಖಪುಟ ಸರಿಯಾಗಿತ್ತು; ಹಳೆಯ ವರ್ಷಗಳ ಪುಟವೊಂದು ಮಾತ್ರ ತಲೆಬರಹ, ಮೆನು ಯಾವುದೂ ಇಲ್ಲದೆ ಬರಿಯ ಕೋಷ್ಟಕವನ್ನಷ್ಟೇ ತೋರಿಸುತ್ತಿತ್ತು.

ಈ ಮೂರು ಬಗೆಯ ವರ್ತನೆಯೇ ಮೊದಲ ಸುಳಿವು. ಬೇರೆ ಫೈಲನ್ನು ಕರೆಯಲು ಪಿಎಚ್‌ಪಿಯಲ್ಲಿ ಇನ್‌ಕ್ಲೂಡ್ ಮತ್ತು ರಿಕ್ವೈರ್ ಎಂಬ ಎರಡು ಪದಗಳಿವೆ. ಫೈಲು ಸಿಗದಿದ್ದರೆ ಇನ್‌ಕ್ಲೂಡ್ ಎಚ್ಚರಿಕೆಯೊಂದನ್ನು ಬರೆದು ಮುಂದಿನ ಸಾಲಿಗೆ ಹೋಗುತ್ತದೆ; ರಿಕ್ವೈರ್ ಅಲ್ಲಿಯೇ ಕೆಲಸವನ್ನು ನಿಲ್ಲಿಸುತ್ತದೆ. ಬಿಳಿಯ ಪುಟಗಳಲ್ಲಿ ರಿಕ್ವೈರ್ ಇತ್ತು, ಮೆನು ಇಲ್ಲದ ಪುಟದಲ್ಲಿ ಇನ್‌ಕ್ಲೂಡ್ ಇತ್ತು. ಜನರು ನೋಡುವ ಸರ್ವರುಗಳಲ್ಲಿ ದೋಷದ ಸಂದೇಶಗಳನ್ನು ಪರದೆಯ ಮೇಲೆ ತೋರಿಸದಂತೆ ಇಟ್ಟಿರುವುದು ವಾಡಿಕೆ ಮತ್ತು ಅದು ಸರಿಯಾದ ಕ್ರಮವೂ ಹೌದು. ಆದ್ದರಿಂದ ಬಿಳಿಯ ಪುಟವನ್ನು ಕಂಡಾಗ ಕೋಡನ್ನು ಊಹೆಯಿಂದ ತಿದ್ದಲು ಹೊರಡದೆ ಮೊದಲು ಸರ್ವರಿನ ದೋಷದ ಲಾಗನ್ನು, ಅಂದರೆ ದೋಷಗಳನ್ನು ಅದು ಬರೆದಿಡುವ ಫೈಲನ್ನು, ತೆರೆಯಬೇಕು. ಅಲ್ಲಿ ಒಂದೇ ಬಗೆಯ ಸಾಲುಗಳು ಸಾಲಾಗಿ ನಿಂತಿದ್ದವು: ‘/ಭಾಗಗಳು/ಸಂಪರ್ಕ.ಪಿಎಚ್‌ಪಿ’ ಎಂಬ ಫೈಲನ್ನು ತೆರೆಯಲಾಗಲಿಲ್ಲ, ಅಂಥ ಫೈಲಾಗಲಿ ಫೋಲ್ಡರಾಗಲಿ ಇಲ್ಲ. ಅದರ ಪಕ್ಕದಲ್ಲಿ, ಹುಡುಕಿದ ಜಾಗಗಳ ಪಟ್ಟಿಯಾಗಿ, ಒಂದು ಚುಕ್ಕಿ ಮತ್ತು ‘/ಯುಎಸ್ಆರ್/ಶೇರ್/ಪಿಎಚ್‌ಪಿ’ ಎಂಬ ಹಾದಿ ಮಾತ್ರ ಇದ್ದವು.

ತಪ್ಪು ನನ್ನದೇ. ಹಳೆಯ ಕಂಪ್ಯೂಟರಿನಲ್ಲಿ ಒಳಪುಟಗಳು ‘ಸಿ:/ಜಾಂಪ್/ಎಚ್‌ಟಿಡಾಕ್ಸ್/ಮಳೆ/ಭಾಗಗಳು/ಸಂಪರ್ಕ.ಪಿಎಚ್‌ಪಿ’ ಎಂದು ಪೂರ್ಣ ಹಾದಿಯನ್ನು ಬರೆದುಕೊಂಡಿದ್ದವು. ಸಾಗಿಸುವ ಹಿಂದಿನ ರಾತ್ರಿ ನಾನು ಎಲ್ಲ ಫೈಲುಗಳಲ್ಲಿಯೂ ‘ಸಿ:/ಜಾಂಪ್/ಎಚ್‌ಟಿಡಾಕ್ಸ್/ಮಳೆ’ ಎಂಬ ಭಾಗವನ್ನು ಅಳಿಸಿಬಿಟ್ಟಿದ್ದೆ. ಉಳಿಯುವ ‘/ಭಾಗಗಳು/ಸಂಪರ್ಕ.ಪಿಎಚ್‌ಪಿ’ ಎಂಬುದು ತಾಣದ ಬುಡದಿಂದ ಆರಂಭವಾಗುತ್ತದೆ ಎಂದು ನಂಬಿದ್ದೆ. ಚಿತ್ರದ ಕೊಂಡಿಯಲ್ಲಿಯೂ, ಪುಟದ ಅಂದವನ್ನು ನಿರ್ಧರಿಸುವ ಸಿಎಸ್ಎಸ್ ಫೈಲಿನ ಕೊಂಡಿಯಲ್ಲಿಯೂ ಹಾಗೆಯೇ ಆಗುತ್ತದೆಯಲ್ಲ, ಮುಂದೆ ಓರೆಗೆರೆ ಹಾಕಿದರೆ ತಾಣದ ಬುಡ ಎಂದೇ ಅರ್ಥವಲ್ಲವೇ ಎಂಬುದು ನನ್ನ ತರ್ಕವಾಗಿತ್ತು.

ಇಲ್ಲಿ ಎರಡು ಬೇರೆ ಬೇರೆ ಲೋಕಗಳಿವೆ. ಇದನ್ನು ಹೊಸಬರಿಗೆ ನಾನು ಎಷ್ಟು ಸಲ ಹೇಳಿದರೂ ಹೆಚ್ಚಾಯಿತೆಂದು ನನಗನ್ನಿಸುವುದಿಲ್ಲ. ಎಚ್‌ಟಿಎಂಎಲ್‌ನಲ್ಲಿ ಬರೆದ ಕೊಂಡಿಯನ್ನು ಓದುವುದು ಬ್ರೌಸರು. ಅದಕ್ಕೆ ಗೊತ್ತಿರುವುದು ವಿಳಾಸ ಮಾತ್ರ, ಆದ್ದರಿಂದ ಅದರ ಪಾಲಿಗೆ ಮೊದಲ ಓರೆಗೆರೆಯೆಂದರೆ ತಾಣದ ಬುಡ. ಇನ್‌ಕ್ಲೂಡಿನಲ್ಲಿ ಬರೆದ ಹಾದಿಯನ್ನು ಓದುವುದು ಸರ್ವರಿನೊಳಗೆ ನಡೆಯುತ್ತಿರುವ ಪಿಎಚ್‌ಪಿ. ಅದಕ್ಕೆ ಗೊತ್ತಿರುವುದು ಡಿಸ್ಕು, ಆದ್ದರಿಂದ ಅದರ ಪಾಲಿಗೆ ಮೊದಲ ಓರೆಗೆರೆಯೆಂದರೆ ಇಡೀ ಡಿಸ್ಕಿನ ಬುಡ. ಲಿನಕ್ಸ್ ಸರ್ವರಿನ ಬುಡದಲ್ಲಿ ನಮ್ಮ ‘ಭಾಗಗಳು’ ಫೋಲ್ಡರು ಇಲ್ಲ. ಅದು ‘/ಹೋಮ್’ ಎಂಬುದರ ಕೆಳಗೆ, ನಮ್ಮ ಖಾತೆಯ ಹೆಸರಿನ ಕೆಳಗೆ, ‘ಪಬ್ಲಿಕ್_ಎಚ್‌ಟಿಎಂಎಲ್’ ಎಂಬುದರ ಕೆಳಗೆ ಇದೆ. ನಮ್ಮ ತಲೆಬರಹದ ಫೈಲಿನಲ್ಲಿ ಈ ಎರಡೂ ಬಗೆಯ ಹಾದಿಗಳು ಒಂದರ ಕೆಳಗೊಂದು ಕುಳಿತಿವೆ: ಒಂದು ಸಾಲು ಮೆನು ಫೈಲನ್ನು ಕರೆಯುತ್ತದೆ, ಮುಂದಿನ ಸಾಲು ಸಿಎಸ್ಎಸ್ ಫೈಲಿಗೆ ಕೊಂಡಿ ಕೊಡುತ್ತದೆ. ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಓದುವವರು ಬೇರೆ, ಓದುವ ಹೊತ್ತೂ ಬೇರೆ.

ಕಾರಣ ತಿಳಿಯಿತೆಂಬ ಸಮಾಧಾನದಲ್ಲಿ, ‘ತೋಟ’ ಫೋಲ್ಡರಿನ ಪುಟಗಳಲ್ಲಿ ಹಾದಿಯನ್ನು ‘../ಭಾಗಗಳು/ತಲೆಬರಹ.ಪಿಎಚ್‌ಪಿ’ ಎಂದು ತಿದ್ದಿದೆ. ಎರಡು ಚುಕ್ಕಿಯೆಂದರೆ ಒಂದು ಮೆಟ್ಟಿಲು ಮೇಲೆ. ತಲೆಬರಹ ಸಿಕ್ಕಿತು, ಆದರೆ ತಲೆಬರಹವು ಕರೆಯುವ ಮೆನು ಸಿಗಲಿಲ್ಲ. ಅಲ್ಲಿ ‘ಭಾಗಗಳು/ಮೆನು.ಪಿಎಚ್‌ಪಿ’ ಎಂದು ಬರೆದಿತ್ತು. ಅದೇ ಸಾಲು ಮುಖಪುಟದಿಂದ ಬಂದಾಗ ಕೆಲಸ ಮಾಡುತ್ತಿತ್ತು, ತೋಟದ ಪುಟದಿಂದ ಬಂದಾಗ ಮಾಡುತ್ತಿರಲಿಲ್ಲ. ಒಂದೇ ಫೈಲು, ಒಂದೇ ಸಾಲು, ಎರಡು ಫಲಿತಾಂಶ.

ಊಹೆಯನ್ನು ನಿಲ್ಲಿಸಿ ಅಳೆದು ನೋಡುವುದೇ ಲೇಸೆಂದು ತಲೆಬರಹದ ಫೈಲಿನ ಮೊದಲಿಗೆ ತಾತ್ಕಾಲಿಕವಾಗಿ ಎರಡು ಸಾಲು ಸೇರಿಸಿದೆ. ಒಂದು, ಗೆಟ್‌ಸಿಡಬ್ಲ್ಯುಡಿ ಎಂಬ ಫಂಕ್ಷನ್ನಿನ ಉತ್ತರವನ್ನು ಲಾಗಿಗೆ ಬರೆಯುವುದು. ಇದು ಪಿಎಚ್‌ಪಿ ಆ ಹೊತ್ತಿನಲ್ಲಿ ನಿಂತಿರುವ ಚಾಲ್ತಿ ಫೋಲ್ಡರನ್ನು ಹೇಳುತ್ತದೆ. ಇನ್ನೊಂದು, __ಡಿಐಆರ್__ ಎಂಬ ಸ್ಥಿರಾಂಕವನ್ನು ಬರೆಯುವುದು. ಇದು ಆ ಸಾಲು ಯಾವ ಫೈಲಿನಲ್ಲಿ ಬರೆಯಲ್ಪಟ್ಟಿದೆಯೋ ಆ ಫೈಲಿನ ಫೋಲ್ಡರನ್ನು ಹೇಳುತ್ತದೆ. ಮುಖಪುಟವನ್ನು ತೆರೆದಾಗ ಚಾಲ್ತಿ ಫೋಲ್ಡರು ತಾಣದ ಬುಡವಾಗಿತ್ತು. ತೋಟದ ಪುಟವನ್ನು ತೆರೆದಾಗ ಚಾಲ್ತಿ ಫೋಲ್ಡರು ‘ತೋಟ’ ಆಗಿತ್ತು. ಎರಡು ಸಲವೂ ಎರಡನೆಯ ಸಾಲಿನ ಉತ್ತರ ಮಾತ್ರ ‘ಭಾಗಗಳು’ ಎಂದೇ ಬಂದಿತು.

ಬೇಲೂರು–ಚಿಕ್ಕಮಗಳೂರು ರಸ್ತೆಯ ಬದಿಯಲ್ಲಿರುವ ಒಂದು ತೋಟದ ಗೇಟನ್ನು ಯಾರಿಗಾದರೂ ಫೋನಿನಲ್ಲಿ ತಿಳಿಸಬೇಕಾದಾಗ, ‘ಎಡಗಡೆಗೆ ಸಿಗುತ್ತದೆ’ ಎಂದರೆ ಸಾಲದು. ಬೇಲೂರಿನಿಂದ ಬರುವವರಿಗೆ ಎಡಗಡೆಯಾದುದು ಚಿಕ್ಕಮಗಳೂರಿನಿಂದ ಹೊರಟವರಿಗೆ ಬಲಗಡೆ. ಗೇಟಿನ ಒಳಗೆ ಬಂದ ಮೇಲೆ ‘ಗೇಟಿನಿಂದ ನೇರ ಬಂದು ಕಣದ ಪಕ್ಕ ತಿರುಗಿ’ ಎಂದರೆ ಅದು ಯಾವ ಊರಿನಿಂದ ಬಂದವರಿಗೂ ಒಂದೇ. ಬ್ರೌಸರು ನೇರವಾಗಿ ಕೇಳಿದ ಫೈಲು ಯಾವ ಫೋಲ್ಡರಿನಲ್ಲಿದೆಯೋ ಅದನ್ನೇ ಪಿಎಚ್‌ಪಿ ಚಾಲ್ತಿ ಫೋಲ್ಡರಾಗಿ ಇಟ್ಟುಕೊಳ್ಳುತ್ತದೆ. ಮುಂದೆ ಆ ಫೈಲು ಎಷ್ಟು ಫೈಲುಗಳನ್ನು ಕರೆದರೂ, ಅವು ಎಲ್ಲೆಲ್ಲಿ ಇದ್ದರೂ, ಚಾಲ್ತಿ ಫೋಲ್ಡರು ತಾನಾಗಿ ಬದಲಾಗುವುದಿಲ್ಲ. ಒಂದು ಅಥವಾ ಎರಡು ಚುಕ್ಕಿಯಿಂದ ಆರಂಭವಾಗುವ ಹಾದಿಗಳೆಲ್ಲ ಹೊರಟ ಊರಿನಿಂದ ಅಳೆಯಲ್ಪಡುತ್ತವೆ. __ಡಿಐಆರ್__ ಗೇಟಿನಿಂದ ಅಳೆಯುತ್ತದೆ.

ಹಾಗಾದರೆ ಹಳೆಯ ಕಂಪ್ಯೂಟರಿನಲ್ಲಿ ‘ಭಾಗಗಳು/ಮೆನು.ಪಿಎಚ್‌ಪಿ’ ಎಂಬ ಸಾಲು ತೋಟದ ಪುಟದಿಂದಲೂ ಹೇಗೆ ನಡೆಯುತ್ತಿತ್ತು ಎಂಬ ಪ್ರಶ್ನೆ ಉಳಿಯಿತು. ಆ ಕಂಪ್ಯೂಟರಿನ ಪಿಎಚ್‌ಪಿ.ಐಎನ್ಐ ಫೈಲನ್ನು ತೆರೆದು ನೋಡಿದಾಗ ಉತ್ತರ ಸಿಕ್ಕಿತು: ಹಿಂದೆಂದೋ ನಾನೇ ಇನ್‌ಕ್ಲೂಡ್_ಪಾತ್ ಎಂಬ ಸೆಟ್ಟಿಂಗಿಗೆ ತಾಣದ ಬುಡವನ್ನು ಸೇರಿಸಿ ಮರೆತುಬಿಟ್ಟಿದ್ದೆ. ಚುಕ್ಕಿಯಿಂದಾಗಲಿ ಓರೆಗೆರೆಯಿಂದಾಗಲಿ ಆರಂಭವಾಗದ ಹಾದಿಯನ್ನು ಪಿಎಚ್‌ಪಿ ಆ ಪಟ್ಟಿಯಲ್ಲಿರುವ ಪ್ರತಿಯೊಂದು ಜಾಗದಲ್ಲಿಯೂ ಹುಡುಕುತ್ತದೆ. ಹೊಸ ಸರ್ವರಿನ ಲಾಗಿನಲ್ಲಿ ಕಂಡ ಚುಕ್ಕಿ ಮತ್ತು ಇನ್ನೊಂದು ಹಾದಿ ಅದೇ ಪಟ್ಟಿ. ಕೋಡು ಒಂದು ಯಂತ್ರದ ಸೆಟ್ಟಿಂಗನ್ನು ನಂಬಿಕೊಂಡು ನಿಂತಿತ್ತು, ಆ ನಂಬಿಕೆ ಕೋಡಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಭಾನುವಾರ

ಫೈಲುಗಳೊಳಗೆ ಪದಗಳನ್ನು ಹುಡುಕುವ ಗ್ರೆಪ್ ಆದೇಶದಿಂದ ಇನ್‌ಕ್ಲೂಡ್ ಮತ್ತು ರಿಕ್ವೈರ್ ಇರುವ ಎಲ್ಲ ಸಾಲುಗಳನ್ನು ಪಟ್ಟಿ ಮಾಡಿಕೊಂಡು, ಲಾಗಿನಲ್ಲಿ ದೋಷ ತೋರಿಸಿದ್ದ ಪ್ರತಿ ಸಾಲನ್ನೂ __ಡಿಐಆರ್__ ಮುಂದಿಟ್ಟು ತಿರುಗಿ ಬರೆದೆ. ತಲೆಬರಹದೊಳಗಿನ ಮೆನುವಿನ ಕರೆ ಈಗ __ಡಿಐಆರ್__ . '/ಮೆನು.ಪಿಎಚ್‌ಪಿ' ಎಂದಾಯಿತು. ನಡುವಿನ ಚುಕ್ಕಿ ಎರಡು ಪದಗಳನ್ನು ಜೋಡಿಸುವ ಗುರುತು. ಹಿಂದೆ ಬರುವ ಓರೆಗೆರೆಯನ್ನು ಮರೆಯಬಾರದು, ಏಕೆಂದರೆ __ಡಿಐಆರ್__ ತನ್ನ ಕೊನೆಯಲ್ಲಿ ಓರೆಗೆರೆಯನ್ನು ಕೊಡುವುದಿಲ್ಲ, ಮರೆತರೆ ‘ಭಾಗಗಳುಮೆನು’ ಎಂಬ ಇಲ್ಲದ ಫೈಲನ್ನು ಅದು ಹುಡುಕುತ್ತದೆ. ಈ ಸ್ಥಿರಾಂಕ 2009ರಲ್ಲಿ ಬಂದ ಪಿಎಚ್‌ಪಿ 5.3ರಿಂದ ಇದೆ. ಅದಕ್ಕಿಂತ ಹಳೆಯ ಕೋಡಿನಲ್ಲಿ ಇದೇ ಕೆಲಸಕ್ಕೆ ಡಿರ್‌ನೇಮ್ ಫಂಕ್ಷನ್ನಿಗೆ __ಫೈಲ್__ ಅನ್ನು ಕೊಟ್ಟಿರುವುದು ಕಾಣುತ್ತದೆ. ಎರಡರ ಅರ್ಥವೂ ಒಂದೇ.

ಇದಾದ ಮೇಲೂ ಎರಡು ಫೈಲುಗಳು ಸಿಗಲಿಲ್ಲ. ಒಂದರ ಹೆಸರು ಡಿಸ್ಕಿನಲ್ಲಿ ದೊಡ್ಡ ಅಕ್ಷರದಿಂದ ಆರಂಭವಾಗಿತ್ತು, ಕೋಡಿನಲ್ಲಿ ಸಣ್ಣ ಅಕ್ಷರದಿಂದ. ವಿಂಡೋಸ್ ಸಾಮಾನ್ಯವಾಗಿ ಆ ಭೇದವನ್ನು ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಇನ್ನೊಂದರಲ್ಲಿ ಫೋಲ್ಡರು ಮತ್ತು ಫೈಲಿನ ನಡುವೆ ಹಿಮ್ಮುಖ ಓರೆಗೆರೆ ಇತ್ತು. ಲಿನಕ್ಸಿನಲ್ಲಿ ಅದು ಫೈಲಿನ ಹೆಸರಿನ ಒಂದು ಅಕ್ಷರವೇ ಹೊರತು ಫೋಲ್ಡರಿನ ಗಡಿಯಲ್ಲ. ವಿಂಡೋಸಿನಲ್ಲಿಯೂ ಪಿಎಚ್‌ಪಿ ಮುಮ್ಮುಖ ಓರೆಗೆರೆಯನ್ನು ಒಪ್ಪುವುದರಿಂದ ಎಲ್ಲ ಕಡೆಯೂ ಅದನ್ನೇ ಬರೆಯುವುದು ಕ್ಷೇಮ.

ಹಾಸನದಲ್ಲಿರುವ ಗೆಳೆಯರೊಬ್ಬರು ನನ್ನ ಪರದಾಟವನ್ನು ಕೇಳಿ, “ಹಾದಿಯ ರಗಳೆಯೇ ಬೇಡ, ತಾಣದ ಪೂರ್ತಿ ವಿಳಾಸವನ್ನೇ ಎಚ್‌ಟಿಟಿಪಿ ಸಹಿತ ಇನ್‌ಕ್ಲೂಡಿಗೆ ಕೊಟ್ಟುಬಿಡಿ” ಎಂದರು. ಸಲಹೆ ಪ್ರೀತಿಯದು, ಆದರೆ ಒಪ್ಪುವಂಥದ್ದಲ್ಲ. ವಿಳಾಸದ ಮೂಲಕ ಕರೆಯುವ ಅವಕಾಶವನ್ನು ಪಿಎಚ್‌ಪಿ 5.2ರಿಂದಲೇ ಮೊದಲಿಗೆ ಮುಚ್ಚಿಟ್ಟಿರುತ್ತದೆ. ಅದನ್ನು ತೆರೆದರೂ ಉಪಯೋಗವಿಲ್ಲ: ವಿಳಾಸದಿಂದ ಕೇಳಿದಾಗ ಸರ್ವರು ಆ ಫೈಲನ್ನು ತಾನೇ ನಡೆಸಿ ಅದರ ಎಚ್‌ಟಿಎಂಎಲ್ ಫಲಿತಾಂಶವನ್ನು ಮಾತ್ರ ಕಳುಹಿಸುತ್ತದೆ, ಅದರೊಳಗಿನ ಫಂಕ್ಷನ್ನುಗಳಾಗಲಿ ವೇರಿಯಬಲ್ಲುಗಳಾಗಲಿ ನಮ್ಮ ಪುಟಕ್ಕೆ ಬರುವುದಿಲ್ಲ. ಇಂಚನ್ನು ಮಿಲಿಮೀಟರಿಗೆ ಬದಲಿಸುವ ಫಂಕ್ಷನ್ನೇ ನಮಗೆ ಬೇಕಾಗಿದ್ದುದು. ಹೊರಗಿನವರು ತಮ್ಮ ಸರ್ವರಿನಿಂದ ಕೋಡನ್ನು ನಮ್ಮೊಳಗೆ ತೂರಿಸುವ ಅಪಾಯ ಬೇರೆ.

ಪ್ರತಿ ಫೈಲಿನಲ್ಲಿಯೂ ಎರಡು ಚುಕ್ಕಿಗಳನ್ನು ಎಣಿಸುವ ಕಷ್ಟವನ್ನು ತಪ್ಪಿಸಲು ಬುಡದಲ್ಲಿ ‘ಆರಂಭ.ಪಿಎಚ್‌ಪಿ’ ಎಂಬ ಒಂದು ಫೈಲನ್ನು ಮಾಡಿದೆ. ಅದರೊಳಗೆ ಎರಡು ಸ್ಥಿರಾಂಕಗಳು. ಒಂದಕ್ಕೆ ‘ನೆಲೆ’ ಎಂದು ಹೆಸರಿಟ್ಟೆ. ಅದರ ಬೆಲೆ ಆ ಫೈಲಿನ __ಡಿಐಆರ್__, ಅಂದರೆ ಡಿಸ್ಕಿನಲ್ಲಿ ತಾಣದ ಬುಡ. ಇನ್ನೊಂದಕ್ಕೆ ‘ವಿಳಾಸ’ ಎಂದು ಹೆಸರಿಟ್ಟೆ; ಅದು ಬ್ರೌಸರಿಗೆ ಕಾಣುವ ಬುಡ. ಇನ್‌ಕ್ಲೂಡುಗಳೆಲ್ಲ ಮೊದಲನೆಯದನ್ನು ಬಳಸುತ್ತವೆ, ಚಿತ್ರ ಮತ್ತು ಸಿಎಸ್ಎಸ್ ಕೊಂಡಿಗಳೆಲ್ಲ ಎರಡನೆಯದನ್ನು. ಬ್ರೌಸರು ನೇರವಾಗಿ ಕೇಳುವ ಪುಟಗಳು ಮಾತ್ರ ತಮ್ಮ ಮೊದಲ ಸಾಲಿನಲ್ಲಿ __ಡಿಐಆರ್__ . '/../ಆರಂಭ.ಪಿಎಚ್‌ಪಿ' ಎಂದು ಕರೆಯುತ್ತವೆ. ಅಲ್ಲಿಂದ ಮುಂದೆ ಯಾರೂ ಮೆಟ್ಟಿಲು ಎಣಿಸಬೇಕಾಗಿಲ್ಲ.

ಅದೇ ದಿನ ಇನ್ನೊಂದನ್ನು ಕಂಡು ನನಗೆ ನಿಜವಾಗಿಯೂ ಗಾಬರಿಯಾಯಿತು. ದತ್ತಸಂಚಯದ ಸಂಪರ್ಕದ ಹಳೆಯ ಪ್ರತಿಯೊಂದು ‘ಸಂಪರ್ಕ.ಐಎನ್‌ಸಿ’ ಎಂಬ ಹೆಸರಿನಲ್ಲಿ ಉಳಿದಿತ್ತು. ಸರ್ವರು ಪಿಎಚ್‌ಪಿಯಾಗಿ ನಡೆಸುವುದು ಪಿಎಚ್‌ಪಿ ಎಂದು ಕೊನೆಯಾಗುವ ಫೈಲುಗಳನ್ನು. ಐಎನ್‌ಸಿ ಎಂಬುದನ್ನು ಅದು ಸಾದಾ ಪಠ್ಯವೆಂದು ಹಾಗೆಯೇ ಕೊಟ್ಟುಬಿಡುತ್ತದೆ. ಬ್ರೌಸರಿನಲ್ಲಿ ಅದರ ವಿಳಾಸವನ್ನು ಬರೆದಾಗ ಬಳಕೆದಾರನ ಹೆಸರೂ ಗುಪ್ತಪದವೂ ಪರದೆಯ ಮೇಲೆ ಬಂದವು. ಗುಪ್ತಪದವನ್ನು ಕೂಡಲೇ ಬದಲಿಸಿ, ಹಳೆಯ ಪ್ರತಿಯನ್ನು ಅಳಿಸಿ, ‘ಭಾಗಗಳು’ ಫೋಲ್ಡರನ್ನೇ ‘ಪಬ್ಲಿಕ್_ಎಚ್‌ಟಿಎಂಎಲ್’ನಿಂದ ಹೊರಗೆ, ಅದರ ಪಕ್ಕಕ್ಕೆ ಸರಿಸಿದೆ. ಬ್ರೌಸರು ‘ಪಬ್ಲಿಕ್_ಎಚ್‌ಟಿಎಂಎಲ್’ನ ಹೊರಗೆ ಕಾಲಿಡಲಾರದು, ಪಿಎಚ್‌ಪಿ ಇಡಬಲ್ಲದು. ಡಿಸ್ಕಿನ ಹಾದಿ ಮತ್ತು ವಿಳಾಸದ ಹಾದಿ ಬೇರೆ ಬೇರೆ ಎಂಬ ಸಂಗತಿ ಮೊದಲ ದಿನ ನನ್ನನ್ನು ಕಾಡಿತ್ತು. ಇಲ್ಲಿ ಅದೇ ನಮ್ಮ ರಕ್ಷಣೆಗೆ ಬಂತು. ‘ನೆಲೆ’ ಸ್ಥಿರಾಂಕದ ಒಂದೇ ಸಾಲನ್ನು ತಿದ್ದಿದ್ದರಿಂದ ಈ ಸ್ಥಳಾಂತರ ಹತ್ತು ನಿಮಿಷದಲ್ಲಿ ಮುಗಿಯಿತು.

ಮುಂದಿನ ವಾರ

ಭಾನುವಾರ ಸಂಜೆ ಲಾಗು ಸ್ವಚ್ಛವಾಗಿತ್ತು. ದೋಷ ತೋರಿಸದ ಸಾಲುಗಳನ್ನು ನಾನು ಮುಟ್ಟಿರಲಿಲ್ಲ. ಅದು ದೊಡ್ಡ ತಪ್ಪಾಗಿತ್ತು, ಮತ್ತು ಈ ದಾಖಲೆಯನ್ನು ಬರೆಯಲು ನನ್ನನ್ನು ಒತ್ತಾಯಿಸಿದ್ದು ಮುಖ್ಯವಾಗಿ ಅದೇ.

ಗುರುವಾರ ಚಿಕ್ಕಪ್ಪನವರು ಫೋನು ಮಾಡಿದಾಗ ಅವರ ದನಿಯಲ್ಲಿ ಬೇಸರವಿತ್ತು. “ಮಂಗಳವಾರ ಹಳ್ಳ ಉಕ್ಕಿ ಕಾಲುಸಂಕ ಮುಳುಗಿತ್ತು. ನಾನು ಎರಡು ಇಂಚು ಮೂವತ್ತೈದು ಸೆಂಟು ತುಂಬಿದ್ದೇನೆ. ನಿನ್ನ ಪುಟ ಒಂಬತ್ತು ಸೆಂಟು ಅಂತಿದೆಯಲ್ಲ” ಎಂದರು.

ನಮ್ಮ ದತ್ತಸಂಚಯದಲ್ಲಿ ಮಳೆ ಮಿಲಿಮೀಟರಿನಲ್ಲಿ ಉಳಿಯುತ್ತದೆ. ತೋಟದವರು 2.35 ಎಂದು ಇಂಚಿನಲ್ಲಿ ತುಂಬುತ್ತಾರೆ. ‘ಅಳತೆ’ ಫೈಲು ಅದನ್ನು 25.4ರಿಂದ ಗುಣಿಸಿ 59.69 ಎಂದು ಉಳಿಸಬೇಕು; ತೋರಿಸುವಾಗ ತಿರುಗಿ ಇಂಚಿಗೆ ಬದಲಿಸಬೇಕು. ದತ್ತಸಂಚಯವನ್ನು ತೆರೆದು ನೋಡಿದರೆ ಅಲ್ಲಿ 2.35 ಎಂದೇ ಕುಳಿತಿತ್ತು. ಗುಣಾಕಾರ ನಡೆದೇ ಇರಲಿಲ್ಲ. ತೋರಿಸುವ ಪುಟ ಮಾತ್ರ ತನ್ನ ಕೆಲಸವನ್ನು ಸರಿಯಾಗಿ ಮಾಡಿ, 2.35 ಮಿಲಿಮೀಟರನ್ನು ಇಂಚಿಗೆ ಬದಲಿಸಿ 0.09 ಎಂದು ತೋರಿಸುತ್ತಿತ್ತು.

‘ಅಳತೆ’ ಫೈಲಿನ ಮೊದಲ ಸಾಲು ರಿಕ್ವೈರ್_ಒನ್ಸ್ 'ಕಾನ್ಫಿಗ್.ಪಿಎಚ್‌ಪಿ' ಎಂದಿತ್ತು. ಮುಂದೆ ಚುಕ್ಕಿಯಿಲ್ಲ, ಓರೆಗೆರೆಯಿಲ್ಲ, ಬರಿಯ ಹೆಸರು. ಅದು ‘ಭಾಗಗಳು’ ಫೋಲ್ಡರಿನಲ್ಲಿ ತನ್ನ ಪಕ್ಕದಲ್ಲಿಯೇ ಇರುವ ಕಾನ್ಫಿಗನ್ನು ಕರೆಯುತ್ತದೆ ಎಂದು ಯಾರು ಓದಿದರೂ ತಿಳಿಯುತ್ತಾರೆ. ಆದರೆ ಬರಿಯ ಹೆಸರನ್ನು ಕಂಡಾಗ ಪಿಎಚ್‌ಪಿ ಹುಡುಕುವ ಕ್ರಮವೇ ಬೇರೆ. ಮೊದಲು ಇನ್‌ಕ್ಲೂಡ್_ಪಾತ್ ಪಟ್ಟಿಯನ್ನು ಒಂದೊಂದಾಗಿ ನೋಡುತ್ತದೆ. ನಮ್ಮ ಸರ್ವರಿನಲ್ಲಿ ಆ ಪಟ್ಟಿಯ ಮೊದಲ ಹೆಸರು ಚುಕ್ಕಿ, ಅಂದರೆ ಚಾಲ್ತಿ ಫೋಲ್ಡರು. ಪಟ್ಟಿಯಲ್ಲಿ ಎಲ್ಲಿಯೂ ಸಿಗದಿದ್ದರೆ ಮಾತ್ರ, ಆ ಸಾಲನ್ನು ಬರೆದಿರುವ ಫೈಲಿನ ಸ್ವಂತ ಫೋಲ್ಡರಿಗೆ ಬರುತ್ತದೆ. ಪಕ್ಕದ ಮನೆಯವರನ್ನು ಕೂಗಿದರೂ ಮೊದಲು ಓಗೊಡುವುದು ಹೊರಟ ಊರಿನವರು.

ತೋಟದ ಪುಟಗಳಿಂದ ಬಂದಾಗ ಚಾಲ್ತಿ ಫೋಲ್ಡರಾದ ‘ತೋಟ’ದಲ್ಲಿ ಕಾನ್ಫಿಗ್ ಎಂಬ ಫೈಲು ಇಲ್ಲದ ಕಾರಣ ಹುಡುಕಾಟ ಕೊನೆಗೆ ‘ಭಾಗಗಳು’ ಫೋಲ್ಡರಿಗೆ ಬಂದು ಸರಿಯಾದುದನ್ನು ಹಿಡಿಯುತ್ತಿತ್ತು. ಆದರೆ ತಾಣವನ್ನು ಸಾಗಿಸುವಾಗ ನಾನು ‘ನಿರ್ವಹಣೆ’ ಫೋಲ್ಡರಿನಲ್ಲಿ, ಲಾಗಿನ್ ವ್ಯವಸ್ಥೆಗೆಂದು, ಇನ್ನೊಂದು ಕಾನ್ಫಿಗ್.ಪಿಎಚ್‌ಪಿಯನ್ನು ಹೊಸದಾಗಿ ಇಟ್ಟಿದ್ದೆ. ಅದನ್ನು ನನ್ನ ಹಳೆಯ ಮಾದರಿಯೊಂದರಿಂದ ನಕಲು ಮಾಡಿದ್ದರಿಂದ ತುಂಬುವ ಅಳತೆ ಮಿಲಿಮೀಟರು ಎಂಬ ಸಾಲೂ ಅದರ ಜೊತೆಗೆ ಬಂದಿತ್ತು. ನಮೂದಿಸುವ ಪುಟದಿಂದ ಬಂದಾಗ ಚಾಲ್ತಿ ಫೋಲ್ಡರು ‘ನಿರ್ವಹಣೆ’; ಕಾನ್ಫಿಗ್ ಅಲ್ಲಿಯೇ ಸಿಕ್ಕಿತು; ಪಿಎಚ್‌ಪಿಯ ಪಾಲಿಗೆ ಎಲ್ಲವೂ ಸರಿಯಾಗಿತ್ತು. ನಮೂದಿನ ಪುಟ ಆ ಫೈಲನ್ನು ಆಗಲೇ ಒಮ್ಮೆ ಕರೆದಿದ್ದರಿಂದ, ‘ಒನ್ಸ್’ ಎಂಬ ನಿಯಮದಂತೆ, ಅದು ಆಗಲೇ ಬಂದಿದೆಯೆಂದು ಎರಡನೆಯ ಕರೆ ಏನನ್ನೂ ಮಾಡದೆ ಮುಂದೆ ಹೋಯಿತು. ಎಚ್ಚರಿಕೆಯಿಲ್ಲ, ಲಾಗಿನಲ್ಲಿ ಒಂದು ಸಾಲೂ ಇಲ್ಲ. ಗೆಟ್_ಇನ್‌ಕ್ಲೂಡೆಡ್_ಫೈಲ್ಸ್ ಎಂಬ ಫಂಕ್ಷನ್ನಿನಿಂದ, ನಿಜವಾಗಿ ಕರೆಯಲ್ಪಟ್ಟ ಫೈಲುಗಳ ಪೂರ್ಣ ಹಾದಿಗಳನ್ನು ಬರೆಸಿ ನೋಡಿದಾಗ ಮಾತ್ರ ಅದು ಬಯಲಾಯಿತು: ಪಟ್ಟಿಯಲ್ಲಿ ‘ನಿರ್ವಹಣೆ/ಕಾನ್ಫಿಗ್’ ಇತ್ತು, ‘ಭಾಗಗಳು/ಕಾನ್ಫಿಗ್’ ಇರಲೇ ಇಲ್ಲ.

ಸಿಗದ ಫೈಲಿಗಿಂತ ತಪ್ಪಾಗಿ ಸಿಕ್ಕ ಫೈಲು ಹೆಚ್ಚು ಅಪಾಯಕಾರಿ ಎಂದು ನಾನು ಅಂದಿನಿಂದ ತಿಳಿದಿದ್ದೇನೆ. ಬಿಳಿಯ ಪುಟವನ್ನು ಯಾರಾದರೂ ಅರ್ಧ ಗಂಟೆಯಲ್ಲಿ ಗಮನಿಸುತ್ತಾರೆ. ತಪ್ಪು ಅಂಕಿಯನ್ನು ಗಮನಿಸಲು ಮುಳುಗಿದ ಕಾಲುಸಂಕವನ್ನು ಕಣ್ಣಾರೆ ಕಂಡವರು ಬೇಕಾಯಿತು. ಅಂದು ಸಂಜೆಯೇ ಗ್ರೆಪ್ ಪಟ್ಟಿಯನ್ನು ಮತ್ತೆ ತೆಗೆದು, ದೋಷ ಕೊಡಲಿ ಕೊಡದಿರಲಿ, ಉಳಿದ ಪ್ರತಿಯೊಂದು ಕರೆಯನ್ನೂ __ಡಿಐಆರ್__ ಅಥವಾ ‘ನೆಲೆ’ಗೆ ಕಟ್ಟಿದೆ, ನಿರ್ವಹಣೆಯ ಕಾನ್ಫಿಗಿನ ಹೆಸರನ್ನೂ ‘ಲಾಗಿನ್‌ಕಾನ್ಫಿಗ್’ ಎಂದು ಬದಲಿಸಿದೆ.

ಮುಂಜಾನೆಯ ಮಿಂಚಂಚೆ

ಪ್ರತಿದಿನ ಒಂಬತ್ತೂವರೆಗೆ ಆರೂ ತೋಟಗಳ ಮೊತ್ತವನ್ನು ಮಿಂಚಂಚೆಯಲ್ಲಿ ಕಳುಹಿಸುವ ಒಂದು ಫೈಲು ಇದೆ. ಬ್ರೌಸರಿನಲ್ಲಿ ತೆರೆದರೆ ಅದು ಸರಿಯಾಗಿ ನಡೆಯುತ್ತಿತ್ತು, ನಿಗದಿತ ಹೊತ್ತಿಗೆ ಆದೇಶಗಳನ್ನು ನಡೆಸುವ ಕ್ರಾನ್ ಮೂಲಕ ತಾನಾಗಿ ನಡೆಯಬೇಕಾದಾಗ ‘ಆರಂಭ’ ಫೈಲೇ ಸಿಗುತ್ತಿರಲಿಲ್ಲ. ಅದರಲ್ಲಿ ಹಾದಿಯನ್ನು ಡಾಕ್ಯುಮೆಂಟ್_ರೂಟ್ ಎಂಬ ಸರ್ವರ್ ವೇರಿಯಬಲ್ಲಿನಿಂದ ಕಟ್ಟಲಾಗಿತ್ತು. ಆ ಬೆಲೆಯನ್ನು ತುಂಬುವುದು ವೆಬ್ ಸರ್ವರು. ಕ್ರಾನ್ ನಡೆಸುವಾಗ ನಡುವೆ ವೆಬ್ ಸರ್ವರೇ ಇಲ್ಲದಿರುವುದರಿಂದ ಅದು ಖಾಲಿ, ಹಾದಿ ‘/ಆರಂಭ.ಪಿಎಚ್‌ಪಿ’ ಎಂದಾಗಿ ಮತ್ತೆ ಡಿಸ್ಕಿನ ಬುಡಕ್ಕೆ ಹೋಗುತ್ತಿತ್ತು. ಚುಕ್ಕಿಯ ಹಾದಿ ಬರೆದಿದ್ದರೂ ಅದು ನಡೆಯುತ್ತಿರಲಿಲ್ಲ, ಏಕೆಂದರೆ ಆದೇಶದ ಮೂಲಕ ನಡೆಯುವ ಪಿಎಚ್‌ಪಿ ಫೈಲಿನ ಫೋಲ್ಡರಿಗೆ ತಾನಾಗಿ ಹೋಗುವುದಿಲ್ಲ. ಕರೆದವರು ನಿಂತ ಜಾಗದಲ್ಲಿಯೇ ನಿಲ್ಲುತ್ತದೆ, ಕ್ರಾನ್ ಸಾಮಾನ್ಯವಾಗಿ ಖಾತೆಯ ಹೋಮ್ ಫೋಲ್ಡರಿನಲ್ಲಿ ನಿಂತಿರುತ್ತದೆ. ಇಲ್ಲಿಯೂ __ಡಿಐಆರ್__ ಇಟ್ಟ ಮೇಲೆ ಮಿಂಚಂಚೆ ಹೊರಟಿತು.

ಕೊಪ್ಪದ ಪುಟ

ಕೊಪ್ಪದ ನಮ್ಮ ಸಂಬಂಧಿಕರ ತೋಟದ ಲೆಕ್ಕವನ್ನೂ ಸೇರಿಸುವಾಗ ಇನ್ನೊಂದು ಸೋಜಿಗ ಎದುರಾಯಿತು. ತಾಲ್ಲೂಕಿನ ಪರಿಚಯದ ಪುಟಗಳನ್ನು ಮಾತ್ರ ಕನ್ನಡದ ಹೆಸರಿನ ಫೈಲುಗಳಲ್ಲಿ ಇಟ್ಟಿದ್ದೆ. ಮೂಡಿಗೆರೆಯ ಪುಟ ಬಂತು, ಕೊಪ್ಪದ ಪುಟ ಬರಲಿಲ್ಲ. ಲಾಗಿನಲ್ಲಿದ್ದ ಹೆಸರಿಗೂ ಡಿಸ್ಕಿನಲ್ಲಿದ್ದ ಹೆಸರಿಗೂ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಸ್ಟ್ರ್‌ಲೆನ್ ಫಂಕ್ಷನ್ನಿನಿಂದ ‘ಕೊಪ್ಪ’ ಎಂಬ ಪದದ ಬೈಟುಗಳನ್ನು ಎಣಿಸಿದಾಗ ಒಂದು 15, ಇನ್ನೊಂದು 18 ಎಂದು ಬಂತು.

ಕನ್ನಡದ ‘ಕೊ’ವನ್ನು ಯುನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: ಕಕಾರದ ಮುಂದೆ ಒಕಾರದ ಒಂದೇ ಸಂಕೇತವನ್ನಿಟ್ಟು, ಅಥವಾ ಎಕಾರದ ಸಂಕೇತ ಮತ್ತು ಊಕಾರದ ಸಂಕೇತಗಳನ್ನು ಒಂದರ ಹಿಂದೊಂದು ಇಟ್ಟು. ಪರದೆಯ ಮೇಲೆ ಎರಡೂ ಒಂದೇ. ಹಳೆಯ ಅಕ್ಷರಶೈಲಿಯಿಂದ ಯುನಿಕೋಡಿಗೆ ಬದಲಿಸಿದ ಪಟ್ಟಿಯೊಂದರಿಂದ ನಾನು ಹೆಸರನ್ನು ತೆಗೆದುಕೊಂಡಿದ್ದೆ, ಅದರಲ್ಲಿ ಎರಡನೆಯ ರೀತಿಯಿತ್ತು. ಫೈಲಿಗೆ ನಾನೇ ಕೀಲಿಸಿದ ಹೆಸರಿನಲ್ಲಿ ಮೊದಲನೆಯದಿತ್ತು. ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟು, ಆದ್ದರಿಂದ ಆ 3ರ ವ್ಯತ್ಯಾಸ. ಲಿನಕ್ಸ್ ಫೈಲಿನ ಹೆಸರನ್ನು ಬೈಟು ಬೈಟಾಗಿ ಹೋಲಿಸುವುದರಿಂದ ಅದಕ್ಕೆ ಇವು ಎರಡು ಬೇರೆ ಊರುಗಳು. ಪಿಎಚ್‌ಪಿಯ ಇಂಟ್ಲ್ ವಿಸ್ತರಣೆಯಲ್ಲಿರುವ ನಾರ್ಮಲೈಸರ್ ಇವೆರಡನ್ನೂ ಒಂದೇ ರೂಪಕ್ಕೆ ತರಬಲ್ಲದು. ಹೊರಗಿನಿಂದ ಬರುವ ಕನ್ನಡ ಹೆಸರುಗಳಿಗೆ ಈಗ ಅದನ್ನು ಬಳಸುತ್ತಿದ್ದೇನೆ. ಫೈಲುಗಳ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿದೆ. ಕನ್ನಡದ ಹೆಸರುಗಳು ಪರದೆಯ ಮೇಲೆ ಹಾಗೆಯೇ ಉಳಿದಿವೆ.

ಅದೇ ಪುಟದಲ್ಲಿ, ವಿಳಾಸದಲ್ಲಿ ಬಂದ ತಾಲ್ಲೂಕಿನ ಹೆಸರನ್ನು ಹಾಗೆಯೇ ಇನ್‌ಕ್ಲೂಡಿಗೆ ಜೋಡಿಸುವ ಸಾಲೊಂದು ಇತ್ತು. ಬೇಕೆಂದವರು ಅಲ್ಲಿ ಎರಡು ಚುಕ್ಕಿ ಮತ್ತು ಓರೆಗೆರೆಗಳನ್ನು ತುಂಬಿ ಬೇರೆ ಫೋಲ್ಡರುಗಳ ಪಿಎಚ್‌ಪಿ ಫೈಲುಗಳನ್ನು ನಡೆಸಬಹುದಾಗಿತ್ತು. ಒಪ್ಪಿದ ತಾಲ್ಲೂಕುಗಳ ಒಂದು ಪಟ್ಟಿಯನ್ನು ಕೋಡಿನಲ್ಲಿಯೇ ಬರೆದು, ಬಂದ ಹೆಸರು ಅದರಲ್ಲಿದ್ದರೆ ಮಾತ್ರ ನಾವೇ ಬರೆದ ಫೈಲಿನ ಹೆಸರನ್ನು ಕರೆಯುವಂತೆ ಬದಲಿಸಿದೆ.

ಮಿಲಿಮೀಟರಿಗೆ ಬದಲಾಗದೆ ತಪ್ಪಾಗಿ ಉಳಿದ ಮಳೆಯ ನಮೂದುಗಳು ಇನ್ನೂ ಇದ್ದವು. ಅವನ್ನೆಲ್ಲ ಒಂದೇ ಆದೇಶದಲ್ಲಿ 25.4ರಿಂದ ಗುಣಿಸಿಬಿಡಬಹುದಿತ್ತು, ಆದರೆ ಅಂಕಿ ಕಡಿಮೆ ತೋರುವುದನ್ನು ಕಂಡು ಯಾರಾದರೂ ನಡುವೆ ತಾವೇ ತಿದ್ದಿದ್ದರೆ ಅದು ಎರಡು ಸಲ ಗುಣಿಸಲ್ಪಡುತ್ತಿತ್ತು. ಆದ್ದರಿಂದ ಭಾನುವಾರ ಮಧ್ಯಾಹ್ನ ಆರೂ ತೋಟಗಳಿಗೆ ಒಂದೊಂದಾಗಿ ಫೋನು ಮಾಡಿ, ಅವರು ರಿಜಿಸ್ಟರನ್ನು ನೋಡಿ ಹೇಳಿದಂತೆ ದಿನ ದಿನದ ಲೆಕ್ಕವನ್ನು ಕೈಯಾರೆ ತುಂಬಿದೆ. ಚಿಕ್ಕಪ್ಪನವರದು ಕೊನೆಯದು. ಅವರು ಎರಡು ಇಂಚು ಮೂವತ್ತೈದು ಸೆಂಟು ಎಂದು ಓದಿ ಹೇಳಿ, ನಾನು ತುಂಬಿ, ಅವರ ಫೋನಿನಲ್ಲಿ ಪುಟ ಮತ್ತೆ ತೆರೆದುಕೊಳ್ಳುವವರೆಗೆ ಇಬ್ಬರೂ ಸುಮ್ಮನಿದ್ದೆವು. “ಈಗ ಸರಿ ಬಂತು” ಎಂದರು.